ಸ್ಲೋಪ್ ಪಕ್ಕಕ್ಕಿಟ್ಟು ಲಂಬ ರೇಖೆ ಬರೆಯುವುದು

ಕೋಲಾರದಲ್ಲಿ ಮನೆಯಲ್ಲೇ ಪ್ರಥಮ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಸರಳರೇಖೆ ಅಧ್ಯಾಯ ಶುರುವಾದರೆ ಈ ಲೆಕ್ಕ ಬಂದೇ ಬರುತ್ತದೆ: ಕೊಟ್ಟ ರೇಖೆಗೆ ಸಮಾಂತರವಾಗಿ ಅಥವಾ ಲಂಬವಾಗಿ, ಕೊಟ್ಟ ಬಿಂದುವಿನ ಮೂಲಕ ಹೋಗುವ ರೇಖೆಯ ಸಮೀಕರಣ ಕಂಡುಹಿಡಿಯಿರಿ.

ಮಾಮೂಲಿ ದಾರಿ ಗೊತ್ತಲ್ವಾ? ಮೊದಲು ಸ್ಲೋಪ್, ಅಂದರೆ ರೇಖೆ ಎಷ್ಟು ಓರೆಯಾಗಿದೆ ಅನ್ನುವ ಅಂಕಿ, ತೆಗೆಯಬೇಕು. ಸಮಾಂತರಕ್ಕೆ ಅದೇ ಸ್ಲೋಪ್. ಲಂಬಕ್ಕೆ ಎರಡು ಸ್ಲೋಪ್‌ಗಳ ಗುಣಲಬ್ಧ −1. ಸರಿಯಾದ ದಾರಿಯೇ. ಆದರೆ ನಡುವೆ ಭಿನ್ನರಾಶಿ ನುಗ್ಗುತ್ತದೆ, ಮೈನಸ್ ಎಲ್ಲೋ ಬಿದ್ದುಹೋಗುತ್ತದೆ. ಅದಕ್ಕೇ ಸ್ಲೋಪ್ ಅರ್ಥವಾದ ಮೇಲೆ ಅದನ್ನು ಪಕ್ಕಕ್ಕಿಡಿ ಅನ್ನುತ್ತೇನೆ.

ನಮ್ಮ ಕಡೆ ಮಕ್ಕಳಿಗೆ ಟೊಮೆಟೊ ತೋಟದ ಡ್ರಿಪ್ ಪೈಪ್ ನೆನಪಿಸಿದರೆ ಸಾಕು. ಸಾಲುಗಳಿಗೆಲ್ಲ ಒಂದೇ ದಿಕ್ಕು, ಜಾಗ ಮಾತ್ರ ಬೇರೆ. ಸಮೀಕರಣದಲ್ಲಿ ಎಕ್ಸ್, ವೈ ಮುಂದಿರುವ ಅಂಕಿಗಳು ದಿಕ್ಕು ಹೇಳುತ್ತವೆ. ಕೊನೆಯ ಅಂಕಿ ರೇಖೆಯನ್ನು ಆಚೀಚೆ ಸರಿಸುತ್ತದೆ, ಅಷ್ಟೇ.

ರೇಖೆ 3ಎಕ್ಸ್ − 4ವೈ + 7 = 0, ಬಿಂದು (2, 5) ಅಂದುಕೊಳ್ಳಿ. ಸಮಾಂತರ ರೇಖೆ 3ಎಕ್ಸ್ − 4ವೈ + ಕೆ = 0. ಕೆ ಅಂದರೆ ನಾವು ಕಂಡುಹಿಡಿಯಬೇಕಾದ ಆ ಕೊನೆಯ ಅಂಕಿ. ಬಿಂದು ಹಾಕಿದರೆ 6 − 20 + ಕೆ = 0, ಕೆ = 14. ಮುಗಿಯಿತು.

ಲಂಬಕ್ಕೆ 3 ಮತ್ತು −4 ಜಾಗ ಬದಲಾಯಿಸಿ, ಒಂದರ ಚಿಹ್ನೆ ಮಾತ್ರ ತಿರುಗಿಸಿ: 4ಎಕ್ಸ್ + 3ವೈ + ಕೆ = 0. ಬಿಂದು ಹಾಕಿದರೆ 8 + 15 + ಕೆ = 0, ಕೆ = −23. "ಎರಡರ ಚಿಹ್ನೆಯನ್ನೂ ತಿರುಗಿಸಿದರೆ ಏನಾಗುತ್ತೆ ಮೇಡಂ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ನೀನೇ ನೋಡು ಅಂದೆ. ಎಕ್ಸ್ ಅಂಕಿಗೆ ಎಕ್ಸ್ ಅಂಕಿ, ವೈ ಅಂಕಿಗೆ ವೈ ಅಂಕಿ ಗುಣಿಸಿ ಕೂಡಬೇಕು. 3×4 + (−4)×3 ಸೊನ್ನೆ, ಅಂದರೆ ಲಂಬ. ಅವನದ್ದು 4 ಮತ್ತು −3. ಕೂಡಿದರೆ 12 + 12, 24 ಬಂತು. ಸುಮ್ನೆ ನಕ್ಕು ಅಳಿಸಿದ.

ಈ ದಾರಿ ನನಗೆ ಜಾಸ್ತಿ ಇಷ್ಟವಾಗುವುದು ಎಕ್ಸ್ = 3 ತರಹದ ನೆಟ್ಟಗೆ ನಿಂತ ರೇಖೆಗಳಲ್ಲಿ. ಅವಕ್ಕೆ ಸ್ಲೋಪೇ ಇಲ್ಲ, −1ರ ನಿಯಮ ಹಾಕಲು ಹೋದವರು ಅಲ್ಲೇ ನಿಲ್ಲುತ್ತಾರೆ. ಇಲ್ಲಿ ಅಂಕಿಗಳು 1 ಮತ್ತು 0. ಅದಲುಬದಲು ಮಾಡಿದರೆ 0 ಮತ್ತು 1, ಅಂದರೆ ವೈ + ಕೆ = 0. ಅಡ್ಡ ರೇಖೆ ಸಿಕ್ಕಿತು.

ಪರೀಕ್ಷೆಯಲ್ಲಿ ಮಾತ್ರ ಉತ್ತರ ಒಂದನ್ನೇ ಬರೆದು ಬರಬೇಡಿ. 'ಲಂಬ ರೇಖೆಯ ರೂಪ 4ಎಕ್ಸ್ + 3ವೈ + ಕೆ = 0' ಅನ್ನುವ ಸಾಲು, ಬಿಂದು ಹಾಕಿದ ಸಾಲು, ಎರಡೂ ಇರಲಿ. ಹಂತಕ್ಕೂ ಅಂಕ ಇರುತ್ತದೆ.