ಮೂಗು ಓಡುವುದಿಲ್ಲ, ಸೋರುತ್ತದೆ: ‘ರನ್’ ಪದವನ್ನು ಕನ್ನಡಕ್ಕೆ ತರುವ ಬಗೆ

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಅಣ್ಣನ ಮಗಳು ಅನುವಾದದ ಮನೆಗೆಲಸ ಹಿಡಿದುಕೊಂಡು ಬಂದಿದ್ದಳು. ಹತ್ತು ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ತರಬೇಕಿತ್ತು. ಮೂರನೆಯದರ ಎದುರು ದುಂಡಗಿನ ಅಕ್ಷರದಲ್ಲಿ ‘ಮಗುವಿನ ಮೂಗು ಓಡುತ್ತಿದೆ’ ಎಂದು ಬರೆದಿದ್ದಳು.

‘ತಮ್ಮನಿಗೆ ನೆಗಡಿಯಾದಾಗ ನಿಮ್ಮಮ್ಮ ಏನು ಹೇಳುತ್ತಾಳೆ?’ ಎಂದು ಕೇಳಿದೆ.

‘ಮೂಗು ಸೋರುತ್ತಿದೆ ಎನ್ನುತ್ತಾಳೆ ಅತ್ತೆ. ಆದರೆ ಇಲ್ಲಿ ರನ್ ಎಂದು ಇದೆಯಲ್ಲ, ರನ್ ಎಂದರೆ ಓಡುವುದು.’

ಸರಿಯಾದ ಪದ ಅವಳ ಮನೆಯಲ್ಲೇ ಇತ್ತು. ರನ್ ಎಂದರೆ ಓಡು ಎಂದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಅದಕ್ಕೆ ಅಡ್ಡ ನಿಂತಿತ್ತು. ಮಕ್ಕಳಷ್ಟೇ ಅಲ್ಲ, ಇಂಗ್ಲಿಷಿನಿಂದ ಸುದ್ದಿ, ಸೂಚನೆ, ಕೈಪಿಡಿಗಳನ್ನು ಕನ್ನಡಕ್ಕೆ ತರುವ ದೊಡ್ಡವರೂ ಇಲ್ಲೇ ಎಡವುತ್ತಾರೆ. ಈ ಪದದ ವಿಸ್ತಾರವೂ ಅಷ್ಟಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳಿದ್ದದ್ದು ‘ಸೆಟ್’ ಪದಕ್ಕೆ. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಈ ಒಂದೇ ಪದದ ಮುಂದೆ ಒಂಬತ್ತು ತಿಂಗಳು ಕುಳಿತರು. ಕ್ರಿಯಾಪದವಾಗಿ ಅದಕ್ಕೆ 645 ಅರ್ಥಗಳು ಸಿಕ್ಕವು.

ಇಷ್ಟನ್ನು ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ವಾಕ್ಯವನ್ನು ಕೆಲವು ಹೆಜ್ಜೆಗಳಲ್ಲಿ ಬಿಡಿಸಿ ನೋಡುವ ಅಭ್ಯಾಸ ಬಂದರೆ ಸಾಕು.

ಹೆಜ್ಜೆ 1: ಯಾರು, ಯಾವುದು ಎಂದು ಕೇಳಿ

ನಿಘಂಟನ್ನು ತೆರೆಯುವ ಮೊದಲು ವಾಕ್ಯದ ಕರ್ತೃವಿನ ಕೆಳಗೆ ಗೆರೆ ಎಳೆಯಿರಿ. ಕಾಲಿರುವ ಪ್ರಾಣಿಯಾದರೆ ‘ಓಡು’ ಬಹುಮಟ್ಟಿಗೆ ಸರಿಹೋಗುತ್ತದೆ. ಕಾಲಿಲ್ಲದ ವಸ್ತುವಾದರೆ ಅಲ್ಲಿ ನಿಲ್ಲಿ. ಆ ವಸ್ತುವಿನ ಜೊತೆ ಕನ್ನಡದಲ್ಲಿ ಯಾವ ಕ್ರಿಯೆ ಬರುತ್ತದೆ ಎಂದು ನೆನಪು ಮಾಡಿಕೊಳ್ಳಿ. ನದಿ ಹರಿಯುತ್ತದೆ. ಮೂಗು ಸೋರುತ್ತದೆ. ರಸ್ತೆ ಹಾದುಹೋಗುತ್ತದೆ. ಬಾವಿ ಬತ್ತುತ್ತದೆ. ಕೆಂಪು ಸೀರೆಯನ್ನು ಬಿಳಿ ಪಂಚೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದರೆ ಸೀರೆ ಬಣ್ಣ ಬಿಡುತ್ತದೆ. ಸಕ್ಕರೆ ಕಾಯಿಲೆ ವಂಶದಲ್ಲಿ ಬಂದಿರುತ್ತದೆ. ಇಂಗ್ಲಿಷಿನಲ್ಲಿ ಈ ಆರೂ ಕಡೆ ‘ರನ್’ ಬರಬಹುದು. ಕನ್ನಡದಲ್ಲಿ ಆರಕ್ಕೂ ಬೇರೆ ಬೇರೆ ಮಾತುಗಳಿವೆ, ಒಂದೂ ಹೊಸದಾಗಿ ಕಟ್ಟಿದ್ದಲ್ಲ.

ಹಾಗೆಂದು ‘ಓಡು’ ಕಂಡಲ್ಲೆಲ್ಲ ಹೊಡೆದುಹಾಕಬೇಡಿ. ಚಿತ್ರ ನೂರು ದಿನ ಓಡಿತು ಎನ್ನುತ್ತೇವೆ, ಬಸ್ ಓಡುತ್ತದೆ, ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ. ತಲೆಯೂ ಓಡುತ್ತದೆ, ಗಾಬರಿಯಾದಾಗ ಕೈ ಓಡುವುದಿಲ್ಲ. ಇವು ನಮ್ಮವೇ ಬಳಕೆಗಳು.

ಹೆಜ್ಜೆ 2: ಯಾವುದನ್ನು ಎಂದು ಕೇಳಿ

ಕರ್ಮ ಇದೆಯೋ ಇಲ್ಲವೋ ನೋಡುವುದು ಎರಡನೆಯ ಕೆಲಸ. ತಾನಾಗಿ ನಡೆಯುವುದಕ್ಕೂ ಇನ್ನೊಬ್ಬರು ನಡೆಸುವುದಕ್ಕೂ ಇಂಗ್ಲಿಷಿನಲ್ಲಿ ‘ರನ್’ ಒಂದೇ. ಕನ್ನಡದಲ್ಲಿ ‘ಇಸು’ ಸೇರಿಕೊಳ್ಳುತ್ತದೆ: ನಡೆ, ನಡೆಸು, ಓಡು, ಓಡಿಸು, ಹರಿ, ಹರಿಸು. ವ್ಯಾಪಾರ ನಡೆಯುತ್ತದೆ, ಅಂಗಡಿಯನ್ನು ನಡೆಸುತ್ತಾರೆ.

ಇಲ್ಲಿ ‘ಇಸು’ ಒಂದನ್ನೇ ನಂಬಿಕೊಳ್ಳಬೇಡಿ. ‘ರನ್ ಎ ಫೀವರ್’ ಎಂದಿದ್ದರೆ ಜ್ವರವನ್ನು ಯಾರೂ ನಡೆಸುತ್ತಿಲ್ಲ, ಜ್ವರ ಬಂದಿದೆ. ಸ್ನಾನಕ್ಕೆ ನೀರು ಬಿಡುತ್ತೇವೆ. ಪತ್ರಿಕೆ ಲೇಖನವನ್ನು ಪ್ರಕಟಿಸುತ್ತದೆ. ಪುಟದ ಮೇಲೆ ಕಣ್ಣು ಹಾಯಿಸುತ್ತೇವೆ, ಮಗುವಿನ ತಲೆಗೂದಲಲ್ಲಿ ಕೈಯಾಡಿಸುತ್ತೇವೆ. ಕಂಪ್ಯೂಟರಿನ ತಂತ್ರಾಂಶಕ್ಕೆ ‘ಚಲಾಯಿಸು’ ಎಂಬ ಪದ ಬಳಕೆಗೆ ಬಂದಿದೆ. ವಾಹನಕ್ಕೆ ಮೊದಲಿನಿಂದ ಹೇಳುತ್ತಿದ್ದ ಮಾತನ್ನೇ ಅಲ್ಲಿಗೂ ಒಯ್ದಿದ್ದೇವೆ, ಅದು ಚೆನ್ನಾಗಿಯೇ ಹೊಂದಿಕೊಂಡಿದೆ.

ಹೆಜ್ಜೆ 3: ಹಿಂದೆ ಬರುವ ಪುಟ್ಟ ಪದವನ್ನು ಬಿಡಬೇಡಿ

‘ರನ್’ ಆದಮೇಲೆ ಔಟ್, ಇನ್‌ಟು, ಓವರ್, ಡೌನ್ ಇದ್ದರೆ ಎರಡನ್ನೂ ಸೇರಿಸಿ ಒಂದೇ ಪದವೆಂದು ತಿಳಿಯಿರಿ. ‘ರನ್ ಔಟ್’ ಅಡುಗೆಮನೆಯಲ್ಲಾದರೆ ಅಕ್ಕಿ ಮುಗಿದುಹೋಯಿತು. ‘ಅಕ್ಕಿಯಿಂದ ಹೊರಗೆ ಓಡಿದೆವು’ ಎಂದು ಬರೆಯುವಂತಿಲ್ಲ. ‘ರನ್ ಇನ್‌ಟು’ ಎಂದರೆ ಹಳೆಯ ಗೆಳೆಯ ದಾರಿಯಲ್ಲಿ ಸಿಕ್ಕಿದ ಎಂದಾಗಬಹುದು, ಕಾರು ಮರಕ್ಕೆ ಗುದ್ದಿತು ಎಂದೂ ಆಗಬಹುದು. ಅದು ತಿಳಿಯುವುದು ಮುಂದಿನ ನಾಮಪದದಿಂದ.

ಹೆಜ್ಜೆ 4: ‘ಹರಿ’ಯನ್ನು ಕೈಗೆತ್ತಿಕೊಳ್ಳಿ

ಈ ಹೆಜ್ಜೆಯನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಕಂಡಿಲ್ಲ. ನನಗೆ ಅತಿ ಹೆಚ್ಚು ನೆರವಾದದ್ದು ಮಾತ್ರ ಇದೇ.

‘ರನ್’ ಪದದ ಹಳೆಯ ಇಂಗ್ಲಿಷ್ ರೂಪ ‘ರಿನ್ನನ್’. ಜರ್ಮನ್ ಭಾಷೆಯಲ್ಲಿ ಅದರ ನೆಂಟ ‘ರಿನ್ನೆನ್’ ಇಂದಿಗೂ ಇದೆ, ಅದರ ಅರ್ಥ ಹರಿಯುವುದು, ಜಿನುಗುವುದು. ಅಂದರೆ ಕಾಲಿನ ಓಟದಷ್ಟೇ ನೀರಿನ ಹರಿವೂ ಈ ಪದದ ಬೇರಿನಲ್ಲಿದೆ. ಈಗ ನಮ್ಮ ಕಡೆ ನೋಡಿ. ‘ಹರಿ’ ಎಂಬುದು ಹಳಗನ್ನಡದಲ್ಲಿ ‘ಪರಿ’ ಆಗಿತ್ತು. ಆ ‘ಪರಿ’ಗೆ ಓಡು, ಹರಿ ಎರಡೂ ಅರ್ಥಗಳಿದ್ದವು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳಲ್ಲಿ ಓಟವೂ ಹರಿವೂ ಹೀಗೆ ಒಂದೇ ಪದದಲ್ಲಿ ಕೂಡಿದ್ದವು ಎಂಬುದು ನನಗೆ ಎಷ್ಟು ಸಲ ನೆನೆದರೂ ಖುಷಿ ಕೊಡುವ ಸಂಗತಿ.

ಆಮೇಲೆ ನಾವು ಓಟವನ್ನು ‘ಓಡು’ವಿಗೆ ಬಿಟ್ಟುಕೊಟ್ಟು, ‘ಹರಿ’ಯನ್ನು ನೂರು ದಿಕ್ಕಿಗೆ ಬೆಳೆಸಿದೆವು. ಬೆಳಕು ಹರಿಯುತ್ತದೆ. ಸಾಲ ಹರಿಯುತ್ತದೆ. ಜಗಳ ಬಗೆಹರಿಯುತ್ತದೆ. ಹಾವು ಹರಿದಾಡುತ್ತದೆ, ಸುದ್ದಿಯೂ ಹರಿದಾಡುತ್ತದೆ. ಅಧಿಕಾರಿಗಳು ಗಮನ ಹರಿಸಬೇಕು ಎಂದು ವಾಚಕರ ವಾಣಿಗೆ ಬರೆಯುತ್ತೇವೆ. ಜಾತ್ರೆಗೆ ಜನಸಾಗರ ಹರಿದು ಬರುತ್ತದೆ. ‘ರನ್ ಓವರ್’ ಎಂಬುದಕ್ಕೆ ನಮ್ಮ ಪತ್ರಿಕೆಗಳು ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂದು ಬರೆಯುತ್ತವೆ. ‘ಮೇಲೆ ಓಡಿ’ ಎಂದು ಯಾವ ವರದಿಗಾರರೂ ಬರೆಯುವುದಿಲ್ಲ.

ಆದ್ದರಿಂದ ‘ಓಡು’ ಒಗ್ಗದಿದ್ದರೆ ಆ ಜಾಗದಲ್ಲಿ ಮೊದಲು ‘ಹರಿ’ಯನ್ನು ಇಟ್ಟು ನೋಡಿ. ಕಣ್ಣೀರು, ರಕ್ತ, ವಿದ್ಯುತ್, ಹಣ, ಮಾತಿನ ಓಘ ಇಂಥ ಕಡೆಗಳಲ್ಲಿ ಹೆಚ್ಚಿನ ಸಲ ಕೂತುಬಿಡುತ್ತದೆ. ಅದೂ ಕೂರದಿದ್ದರೆ ನಡೆ, ಸಾಗು, ಹಾಯು, ಬರು, ಬಿಡು ಎಂಬವನ್ನು ಒಂದೊಂದಾಗಿ ಇಟ್ಟು ನೋಡಿ.

ಹೆಜ್ಜೆ 5: ಯಾವ ಕ್ಷೇತ್ರದ ಮಾತು ಎಂದು ನೋಡಿ

ಚುನಾವಣೆಯ ಉದಾಹರಣೆ ನನಗೆ ಬಹಳ ಇಷ್ಟ. ಅಮೆರಿಕದಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾರೆ, ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಆಗುತ್ತಾರೆ. ನಮ್ಮಲ್ಲೂ ಚುನಾವಣೆಗೆ ನಿಲ್ಲುವುದೇ. ಅಮೆರಿಕದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಅಲ್ಲಿ ಓಡುತ್ತಿದ್ದವರನ್ನು ಇಲ್ಲಿ ನಿಲ್ಲಿಸಬೇಕು. ‘ಅಧ್ಯಕ್ಷ ಸ್ಥಾನಕ್ಕೆ ಓಡುತ್ತಿದ್ದಾರೆ’ ಎಂದರೆ ಓದುಗರಿಗೆ ಏನೂ ದಕ್ಕುವುದಿಲ್ಲ.

ಬ್ಯಾಂಕಿನ ‘ರನ್’ ಇನ್ನೊಂದು ಬಗೆ. ಬ್ಯಾಂಕು ಮುಳುಗುತ್ತದೆ ಎಂಬ ಭಯದಿಂದ ಠೇವಣಿದಾರರೆಲ್ಲ ಒಟ್ಟಿಗೆ ಹಣ ತೆಗೆಯಲು ಮುಗಿಬೀಳುವುದಕ್ಕೆ ಈ ಹೆಸರು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಗ್ರಾಹಕರು ಮುಂದಾದರು. ಹೆಚ್ಚಿನವರು ಕುಳಿತಲ್ಲಿಂದಲೇ, ಮೊಬೈಲು ಕಂಪ್ಯೂಟರುಗಳಲ್ಲಿ. ಸಾಲು ನಿಂತರೂ, ಕುಳಿತೇ ಇದ್ದರೂ ಇಂಗ್ಲಿಷಿನಲ್ಲಿ ಅದು ‘ರನ್’. ‘ಠೇವಣಿದಾರರು ಮುಗಿಬಿದ್ದರು’ ಎಂಬ ಮಾತು ಎರಡಕ್ಕೂ ಒಪ್ಪುತ್ತದೆ.

ಕ್ರಿಕೆಟ್ಟಿನ ‘ರನ್’ ಹಾಗೆಯೇ ಇರಲಿ. ಅದು ನಮ್ಮ ಪದವಾಗಿ ಎಷ್ಟೋ ಕಾಲವಾಯಿತು.

ಹೆಜ್ಜೆ 6: ಈಗ ನಿಘಂಟು ತೆರೆಯಿರಿ

ಯಾವ ಬಗೆಯ ನಿಘಂಟು ಎಂಬುದು ತಿಳಿದಿರಲಿ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಚರಿತ್ರೆಯ ಕ್ರಮದ್ದು, ಅಲ್ಲಿ ಹಳೆಯ ಅರ್ಥ ಮೊದಲು ಬರುತ್ತದೆ. ಭಾಷೆ ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಸಾಮಾನ್ಯವಾಗಿ ಹೆಚ್ಚು ಬಳಕೆಯ ಅರ್ಥವನ್ನು ಮೊದಲು ಕೊಡುತ್ತವೆ. ಶಾಲೆಯ ಮಕ್ಕಳಿಗೆ ಎರಡನೆಯದನ್ನೇ ಕೊಡಿಸಿ. ಅರ್ಥಕ್ಕಿಂತ ಅದರ ಕೆಳಗಿನ ಉದಾಹರಣೆ ವಾಕ್ಯಗಳನ್ನು ಮೊದಲು ಓದಿಸಿ. ನಿಮ್ಮ ವಾಕ್ಯವನ್ನು ಹೋಲುವ ಉದಾಹರಣೆ ಸಿಕ್ಕಿದರೆ ಅರ್ಥ ಅದರ ಪಕ್ಕದಲ್ಲೇ ಇರುತ್ತದೆ.

ಹೆಜ್ಜೆ 7: ಇಂಗ್ಲಿಷನ್ನು ಕೈಯಿಂದ ಮುಚ್ಚಿ ಓದಿ

ಬರೆದ ಕನ್ನಡ ವಾಕ್ಯವನ್ನು ಮಾತ್ರ ಗಟ್ಟಿಯಾಗಿ ಓದಿ. ಇಂಗ್ಲಿಷ್ ಬಾರದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಓದಿ ಹೇಳಿ. ಅವರು ‘ಏನು?’ ಎಂದು ತಿರುಗಿ ಕೇಳಿದ ಕಡೆ ಗುರುತು ಹಾಕಿಕೊಳ್ಳಿ. ಆ ಜಾಗವನ್ನು ಮತ್ತೆ ಮೊದಲ ಹೆಜ್ಜೆಯಿಂದ ನೋಡಬೇಕು.

ಅಣ್ಣನ ಮಗಳು ಅಂದು ತನ್ನ ಹತ್ತೂ ವಾಕ್ಯಗಳನ್ನು ನಮ್ಮ ಅಮ್ಮನ ಮುಂದೆ ಓದಿದಳು. ಮೂಗನ್ನು ಆಗಲೇ ತಿದ್ದಿದ್ದಳು. ಏಳನೆಯ ವಾಕ್ಯಕ್ಕೆ ಬಂದು, ‘ಹೆದ್ದಾರಿ ಊರಿನ ಮಧ್ಯೆ ಓಡುತ್ತದೆ’ ಎಂದು ಓದಿದವಳು ಅಜ್ಜಿ ತಲೆಯೆತ್ತುವ ಮೊದಲೇ ನಿಂತಳು. ಪೆನ್ಸಿಲ್ ತೆಗೆದುಕೊಂಡು ‘ಓಡುತ್ತದೆ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಹಾದುಹೋಗುತ್ತದೆ’ ಎಂದು ಬರೆದು ಎಂಟನೆಯದನ್ನು ಓದಲು ಶುರುಮಾಡಿದಳು.