ಪ್ಯಾಕೆಟ್ ಮೇಲಿನ 18 ನಂಬಿ ಕೆಟ್ಟೆ

ಮೊದಲ ಸಲ ಬಾರ್ಲಿ ವೈನ್ (ಹೆಸರು ವೈನ್, ಆದರೆ ಗಟ್ಟಿ ಬಿಯರ್) ಮಾಡಲು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಮಾಲ್ಟ್ ಮಾತ್ರ. 20 ಲೀಟರ್ ವರ್ಟ್, ಅಂದರೆ ಮಾಲ್ಟಿನ ಸಿಹಿ ರಸ. ಗ್ರಾವಿಟಿ, ಅಂದರೆ ಸಕ್ಕರೆಯಿಂದ ಬರುವ ದಟ್ಟಣೆ, 1.104 (ಬರೀ ನೀರಾದರೆ 1.000). ಯೀಸ್ಟ್? ಏಲ್ ಎಂಬ ಬಗೆಯ ಬಿಯರಿಗೆ ಯಾವಾಗಲೂ ಹಾಕುವ ಏಲ್ ಯೀಸ್ಟಿನ ಒಂದು ಪ್ಯಾಕೆಟ್ ಉದುರಿಸಿ ಮುಚ್ಚಳ ಹಾಕಿದೆ. ಮೂರು ದಿನ ಏರ್‌ಲಾಕ್ (ಗ್ಯಾಸ್ ಹೊರಬಿಡುವ ಕೊಳವೆ) ಗುಳುಗುಳು ಅಂದದ್ದೇ ಅಂದದ್ದು. ಆಮೇಲೆ ಸದ್ದಿಲ್ಲ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ 1.042ಕ್ಕೆ ನಿಂತಿತು. ಎರಡು ವಾರ ಕಾದರೂ ಕದಲಲಿಲ್ಲ. ಬಾಯಿಗೆ ಹಾಕಿದರೆ ಬಿಯರ್ ಅಲ್ಲ, ಕೆಮ್ಮಿನ ಸಿರಪ್.

ಆಗ, ಶೇ. 18ರವರೆಗೆ ಆಲ್ಕೋಹಾಲ್ ತಾಳುತ್ತದೆ ಎಂದು ಬರೆದಿದ್ದ ಶಾಂಪೇನ್ ಯೀಸ್ಟ್ ಎರಡು ಪ್ಯಾಕೆಟ್ ತಂದೆ. ನನ್ನ ಬಿಯರಿನಲ್ಲಿದ್ದದ್ದು ಬರೀ ಶೇ. 8. ಇದೇನು ಮಹಾ, ಅಲ್ವಾ? ಒಂದು ಪ್ಯಾಕೆಟ್ ಸುರಿದೆ. ಒಂದು ಗುಳ್ಳೆಯೂ ಏಳಲಿಲ್ಲ.

ಕಾರಣ ಗೊತ್ತಾಗಿದ್ದು ಆಮೇಲೆ. ಏಲ್ ಯೀಸ್ಟ್ ಸುಲಭದ ಸಕ್ಕರೆಗಳನ್ನು ಮೊದಲು ಮುಗಿಸುತ್ತದೆ. ಕೊನೆಗೆ ಉಳಿಯುವುದರಲ್ಲಿ ಮಾಲ್ಟೋಟ್ರಯೋಸ್ ಎಂಬ, ತಿನ್ನಲು ಕಷ್ಟದ ಸಕ್ಕರೆ ಜಾಸ್ತಿ. ದ್ರಾಕ್ಷಿ ರಸಕ್ಕೆ ಒಗ್ಗಿದ ವೈನ್ ಯೀಸ್ಟುಗಳಲ್ಲಿ ಹೆಚ್ಚಿನವಕ್ಕೆ ಅದನ್ನು ತಿನ್ನಲು ಬರುವುದೇ ಇಲ್ಲ. ಎದುರಿಗಿರುವುದನ್ನು ತಿನ್ನಲು ಬಾರದಿದ್ದರೆ ಎಷ್ಟು ತಾಳಿಕೊಂಡು ಏನು ಬಂತು?

ಅಲ್ಲಿಂದ ನಾನು ಯೀಸ್ಟ್ ಆರಿಸುವಾಗ ಆ ತಾಳಿಕೆಯ ಅಂಕಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಅಟೆನ್ಯುಯೇಶನ್, ಅಂದರೆ ಸಕ್ಕರೆಯಲ್ಲಿ ಎಷ್ಟು ಪಾಲನ್ನು ತಿಂದು ಮುಗಿಸುತ್ತದೆ ಎಂಬುದು. ಆಮೇಲೆ, ಎಷ್ಟು ಬೇಗ ತಳ ಸೇರುತ್ತದೆ ಎಂಬುದು. ಬೇಗ ತಳಕ್ಕಿಳಿಯುವ ಕೆಲವು ಇಂಗ್ಲಿಷ್ ತಳಿಗಳು ರುಚಿಗೆ ಚೆಂದ, ಆದರೆ ಕೆಲಸ ಮುಗಿಯುವ ಮುಂಚೆಯೇ ಮಲಗಿಬಿಡುತ್ತವೆ. ಶೇ. 25ರವರೆಗೂ ಹೋಗಬಲ್ಲದು ಅನ್ನುವ ಡಬ್ಲ್ಯೂಎಲ್‌ಪಿ 099 ಎಂಬ ಯೀಸ್ಟ್ ತಳಿ ಕೂಡ ಇದೆ, ಆದರೆ ಅದಕ್ಕೂ ಸಕ್ಕರೆಯನ್ನು ಕಂತಿನಲ್ಲಿ ಉಣಿಸಬೇಕು. ಶೇ. 10ರ ಆಸುಪಾಸಿನ ಬಿಯರಿಗೆ ಯುಎಸ್-05 ಎಂಬ ಏಲ್ ಯೀಸ್ಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಸಾಕಷ್ಟು ಹಾಕಿದರೆ ಮಾತ್ರ.

ಎಷ್ಟು ಅಂದರೆ ಸಾಕಷ್ಟು? 1.050ರ 20 ಲೀಟರ್ ಏಲ್‌ಗೆ ಸುಮಾರು 18,000 ಕೋಟಿ ಜೀವಕೋಶ ಬೇಕು. 1.100ಕ್ಕೆ ಹೋದರೆ 48,000 ಕೋಟಿ. ಗ್ರಾವಿಟಿ ದುಪ್ಪಟ್ಟಾದರೆ ಯೀಸ್ಟ್ ದುಪ್ಪಟ್ಟಾದರೆ ಸಾಲದು, ಯಾಕಂದರೆ ದಟ್ಟ ಸಕ್ಕರೆ ನೀರಿಗೆ ಬಿದ್ದ ಕ್ಷಣದಿಂದಲೇ ಅದಕ್ಕೆ ಕಷ್ಟ ಶುರು.

ಎರಡನೇ ಸಲ ಲೆಕ್ಕ ತಪ್ಪಲು ಬಿಡಲಿಲ್ಲ. ಮೊದಲು ಯುಎಸ್-05 ಹಾಕಿ 1.045ರ ತೆಳು ಏಲ್ ಮಾಡಿದೆ. ಅದನ್ನು ಬಾಟಲಿಗೆ ತುಂಬಿದ ದಿನವೇ ಬಾರ್ಲಿ ವೈನ್ ಕುದಿಸಿ, ತಳದಲ್ಲಿ ಕೂತ ಯೀಸ್ಟಿನ ಮುಕ್ಕಾಲು ಪಾಲನ್ನು ಅದಕ್ಕೆ ಸುರಿದೆ. ಕುಡಿಯಲು ಒಂದು ಬಿಯರ್, ಜೊತೆಗೆ ಯೀಸ್ಟ್ ಪುಕ್ಕಟೆ.

ಗಾಳಿಯನ್ನೂ ಕೊಟ್ಟೆ. ಯೀಸ್ಟ್ ತನ್ನ ಪೊರೆಗೆ ಬೇಕಾದ ಸ್ಟೆರಾಲ್ ಮಾಡಿಕೊಳ್ಳಲು ಆಮ್ಲಜನಕ ಬೇಕು. ಪೊರೆ ದುರ್ಬಲವಾದರೆ ಕೊನೆಯಲ್ಲಿ ಆಲ್ಕೋಹಾಲೇ ಅದನ್ನು ಮುಗಿಸುತ್ತದೆ. ಹಾಕುವ ಮುಂಚೆ ಚೆನ್ನಾಗಿ ಅಲುಗಾಡಿಸಿದೆ, 12 ಗಂಟೆ ಬಿಟ್ಟು ಇನ್ನೊಮ್ಮೆ. ಅದಾದ ಮೇಲೆ ಗಾಳಿ ಸೋಕಬಾರದು, ಬಿಯರ್ ಹಳಸಲಿಗೆ ತಿರುಗುತ್ತದೆ. ಮೊದಲ ಮೂರು ದಿನ 18 ಡಿಗ್ರಿ, ಆಮೇಲೆ ನಿಧಾನವಾಗಿ 21. ಶುರುವಿನಲ್ಲೇ ಬಿಸಿ ಏರಿದರೆ ಪೇಂಟ್ ಥಿನ್ನರಿನ ವಾಸನೆ ಬರುತ್ತದೆ. ನನ್ನ ಮೊದಲ ಬ್ಯಾಚಿನಲ್ಲಿ ಅದೂ ಇತ್ತು.

ವರ್ಟ್ 1.083ಕ್ಕೇ ನಿಲ್ಲಿಸಿ ಒಂದು ಕಿಲೋ ಸಕ್ಕರೆ ಎತ್ತಿಟ್ಟಿದ್ದೆ. ನಾಲ್ಕನೇ ದಿನ ಅರ್ಧ, ಐದನೇ ದಿನ ಅರ್ಧ. ಮೊದಲರ್ಧವನ್ನು ಸುಮ್ನೆ ಹಾಗೇ ಸುರಿದೆ, ನೊರೆ ಉಕ್ಕಿ ನೆಲವೆಲ್ಲ ಅಂಟಂಟು. ಇನ್ನರ್ಧವನ್ನು ನೀರಲ್ಲಿ ಕುದಿಸಿ ಆರಿಸಿ ಹಾಕಿದೆ. ಮೂರು ವಾರಕ್ಕೆ 1.020. ಸಕ್ಕರೆಯನ್ನೂ ಸೇರಿಸಿದರೆ ಶುರುವಿನ ಲೆಕ್ಕ 1.102, ಅಂದರೆ ಹೆಚ್ಚುಕಡಿಮೆ ಶೇ. 10.8.

ಮೂರು ತಿಂಗಳು ಹಾಗೇ ಇಟ್ಟ ಮೇಲೆ ಬಾಟಲಿಗೆ ತುಂಬುವ ಹೊತ್ತಿಗೆ ಯೀಸ್ಟ್ ದಣಿದಿರುತ್ತದೆ, ಗ್ಯಾಸ್ ಕಟ್ಟುವ ಶಕ್ತಿ ಇರುವುದಿಲ್ಲ. ಆಗ ನೆನಪಾಯಿತು, ಶಾಂಪೇನ್ ಯೀಸ್ಟಿನ ಎರಡನೇ ಪ್ಯಾಕೆಟ್ ಫ್ರಿಜ್ಜಿನಲ್ಲೇ ಇದೆ. ಗ್ಯಾಸ್ ಕಟ್ಟಲು ಬಾಟಲಿಗೆ ಹಾಕುವುದು ಬರೀ ಸಕ್ಕರೆ, ಅದನ್ನು ತಿನ್ನಲು ಈ ಯೀಸ್ಟಿಗೆ ಬರುತ್ತದೆ. ಒಂದು ಚಿಟಿಕೆ ಸಾಕಾಯಿತು. ತಿಂಗಳು ಕಳೆದು ಮುಚ್ಚಳ ತೆಗೆದಾಗ ಸಣ್ಣಗೆ ಬುಸ್ ಅಂದಿತು.