ಇಳಿಜಾರಿನ ಮೇಲಿನ ವಸ್ತು: ಬಲಗಳ ಲೆಕ್ಕ ಹಾಕುವುದು ಹೇಗೆ?

ಇಳಿಜಾರು ತಲದ ಲೆಕ್ಕ ಕಂಡೊಡನೆ ಹೆಚ್ಚಿನ ವಿದ್ಯಾರ್ಥಿಗಳು ಸೂತ್ರಕ್ಕಾಗಿ ತಡಕಾಡುತ್ತಾರೆ. ವಾಸ್ತವದಲ್ಲಿ ಈ ಲೆಕ್ಕದ ಮುಕ್ಕಾಲು ಪಾಲು ಚಿತ್ರದಲ್ಲಿಯೇ ಮುಗಿಯುತ್ತದೆ. 5 ಕಿ.ಗ್ರಾಂ ದ್ರವ್ಯರಾಶಿಯ ಮರದ ತುಂಡೊಂದು 30° ಇಳಿಜಾರಿನ ಮೇಲಿದೆ. ಸ್ಥಾಯಿ ಘರ್ಷಣಾಂಕ (ನಿಂತಿರುವ ವಸ್ತುವಿಗೆ ಅನ್ವಯಿಸುವುದು) 0.3, ಚಲನ ಘರ್ಷಣಾಂಕ (ಜಾರುತ್ತಿರುವ ವಸ್ತುವಿಗೆ ಅನ್ವಯಿಸುವುದು) 0.2 ಎಂದಿಟ್ಟುಕೊಳ್ಳೋಣ.

ಮೊದಲು ತುಂಡನ್ನಷ್ಟೇ ಬರೆದು, ಅದರ ಮೇಲೆ ವರ್ತಿಸುವ ಬಲಗಳನ್ನು ಬಾಣದ ಗುರುತುಗಳಿಂದ ತೋರಿಸಿ. ಇರುವುದು ಮೂರೇ ಬಲಗಳು: ಭೂಮಿಯತ್ತ ನೇರವಾಗಿ ಕೆಳಕ್ಕೆ ತೂಕ, ತಲಕ್ಕೆ ಲಂಬವಾಗಿ ಹೊರಮುಖವಾಗಿ ಅಭಿಲಂಬ ಬಲ, ತಲದ ಗುಂಟ ಘರ್ಷಣೆ. ‘ಕೆಳಕ್ಕೆ ಜಾರಿಸುವ ಬಲ’ ಎಂಬ ನಾಲ್ಕನೆಯ ಬಾಣವನ್ನು ಹಲವರು ಸೇರಿಸುತ್ತಾರೆ. ಅದು ತೂಕದ ಒಂದು ಘಟಕವೇ (ಒಂದು ದಿಕ್ಕಿನ ಪಾಲೇ) ಆಗಿರುವುದರಿಂದ ಒಂದೇ ಬಲವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಬಳಿಕ ಅಕ್ಷಗಳನ್ನು ಓರೆಯಾಗಿಸಿ, ಒಂದನ್ನು ತಲದ ಗುಂಟ, ಇನ್ನೊಂದನ್ನು ತಲಕ್ಕೆ ಲಂಬವಾಗಿ ಎಳೆಯಿರಿ. ಆಗ ಎರಡು ಘಟಕಗಳಾಗಿ ಬಿಡಿಸಬೇಕಾದದ್ದು ತೂಕವೊಂದನ್ನೇ. ತೂಕ 5 × 9.8, ಅಂದರೆ 49 ನ್ಯೂಟನ್. ಅದರ ತಲದ ಗುಂಟದ ಘಟಕಕ್ಕೆ ಸೈನ್, ಲಂಬ ಘಟಕಕ್ಕೆ ಕೊಸೈನ್ ಬರುತ್ತದೆ. ಯಾವುದು ಎಲ್ಲಿ ಎಂಬ ಗೊಂದಲವಾದರೆ ಕೋನವನ್ನು ಮನಸ್ಸಿನಲ್ಲಿಯೇ ಸೊನ್ನೆಗಿಳಿಸಿ ನೋಡಿ: ಸಮತಟ್ಟಾದ ತಲದಲ್ಲಿ ವಸ್ತುವನ್ನು ಜಾರಿಸುವ ಘಟಕ ಇರಲಾರದು, ಸೊನ್ನೆ ಕೋನದಲ್ಲಿ ಸೊನ್ನೆಯಾಗುವುದು ಸೈನ್. ಬಾಯಿಪಾಠಕ್ಕಿಂತ ಈ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ನಮ್ಮ ತುಂಡಿಗೆ ತಲದ ಗುಂಟ 24.5 ನ್ಯೂಟನ್, ಲಂಬವಾಗಿ ಸುಮಾರು 42.4 ನ್ಯೂಟನ್ ಸಿಗುತ್ತದೆ. ಲಂಬ ದಿಕ್ಕಿನಲ್ಲಿ ತುಂಡು ಚಲಿಸದ ಕಾರಣ ಅಭಿಲಂಬ ಬಲವೂ 42.4 ನ್ಯೂಟನ್ನೇ, ಅದು ತೂಕಕ್ಕೆ ಸಮವಲ್ಲ ಎಂಬುದನ್ನು ಗಮನಿಸಿ.

ಇನ್ನು ಘರ್ಷಣೆ. ಅತಿ ಹೆಚ್ಚು ಅಂಕಗಳು ಹೋಗುವುದು ಇಲ್ಲಿಯೇ. ಘರ್ಷಣಾಂಕ ಮತ್ತು ಅಭಿಲಂಬ ಬಲಗಳ ಗುಣಲಬ್ಧವು ಸ್ಥಾಯಿ ಘರ್ಷಣೆಯ ಗರಿಷ್ಠ ಮಿತಿಯನ್ನು ಮಾತ್ರ ಹೇಳುತ್ತದೆ. ಇದೇ ತುಂಡನ್ನು 10° ಇಳಿಜಾರಿನಲ್ಲಿಟ್ಟರೆ ಮಿತಿ ಸುಮಾರು 14.5 ನ್ಯೂಟನ್ ಆದರೂ, ಜಾರಿಸುವ ಘಟಕ 8.5 ನ್ಯೂಟನ್ ಅಷ್ಟೇ ಆದ್ದರಿಂದ ಘರ್ಷಣೆಯೂ 8.5ಕ್ಕೇ ನಿಲ್ಲುತ್ತದೆ. ಘರ್ಷಣೆ 14.5 ಎಂದು ಬರೆದರೆ, ಸುಮ್ಮನಿರುವ ತುಂಡು ತಾನಾಗಿಯೇ ಮೇಲಕ್ಕೆ ಹತ್ತಬೇಕಾದೀತು!

30°ಯಲ್ಲಿ ಮಿತಿ 12.7 ನ್ಯೂಟನ್, 24.5 ಅದನ್ನು ಮೀರುವುದರಿಂದ ತುಂಡು ಜಾರುತ್ತದೆ. ಜಾರಲಾರಂಭಿಸಿದ ಮೇಲೆ ಚಲನ ಘರ್ಷಣೆ, ಅಂದರೆ 0.2 × 42.4, ಸುಮಾರು 8.5 ನ್ಯೂಟನ್. ಉಳಿಯುವ ನಿವ್ವಳ ಬಲ 16 ನ್ಯೂಟನ್. ಅದನ್ನು 5ರಿಂದ ಭಾಗಿಸಿದರೆ ವೇಗೋತ್ಕರ್ಷ 3.2 ಮೀ/ಸೆ². ದ್ರವ್ಯರಾಶಿ 50 ಕಿ.ಗ್ರಾಂ ಆಗಿದ್ದರೂ ಉತ್ತರ ಇದೇ, ಏಕೆಂದರೆ ಮೂರೂ ಬಲಗಳು ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಉರುಳುವ ಗೋಲಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅದು ಕೆಳಗಿಳಿಯುವುದರ ಜೊತೆ ತಿರುಗಲೂ ಬೇಕು.

ತುಂಡನ್ನು ಮೇಲಕ್ಕೆ ತಳ್ಳಿ ಬಿಟ್ಟರೆ ಘರ್ಷಣೆಯ ಬಾಣ ತಿರುಗಿ ಕೆಳಮುಖವಾಗುತ್ತದೆ. ಆಗ 24.5 ಮತ್ತು 8.5 ಕೂಡಿ 33 ನ್ಯೂಟನ್ ಆಗುವುದರಿಂದ ತುಂಡಿನ ವೇಗ ಪ್ರತಿ ಸೆಕೆಂಡಿಗೆ 6.6 ಮೀ/ಸೆ ಕುಗ್ಗುತ್ತದೆ. ನಿಂತ ಮೇಲೆ ಅದು ಮರಳಿ ಜಾರುವುದೇ ಎಂದು ತಿಳಿಯಲು ಕೋನದ ಟ್ಯಾನ್ ಅನ್ನು ಸ್ಥಾಯಿ ಘರ್ಷಣಾಂಕದೊಡನೆ ಹೋಲಿಸಿದರೆ ಸಾಕು: ಇಲ್ಲಿ 0.577, 0.3ಕ್ಕಿಂತ ಹೆಚ್ಚಾಗಿರುವುದರಿಂದ ತುಂಡು ಕೆಳಗಿಳಿಯುತ್ತದೆ. ಇಳಿಜಾರು ಸುಮಾರು 16.7°ಗಿಂತ ಕಡಿಮೆಯಿದ್ದಿದ್ದರೆ ನಿಂತಲ್ಲೇ ಉಳಿಯುತ್ತಿತ್ತು.